ತಾನೇ ನಡೆಸಿದ ಶಿಬಿರಕ್ಕೆ ಗೈರುಹಾಜರಾದವಳು

ಇಂದ:
ಅರ್ಜಿದಾರಳು,
ಜವಳಿ ತಂತ್ರಜ್ಞಾನ, ಮೊದಲ ವರ್ಷ,
ವಿದೇಶಿ ವಿದ್ಯಾರ್ಥಿನಿಯರ ಹಾಸ್ಟೆಲ್, ಲಿಫ್ಟ್ ನಿಲ್ಲದ ಮಹಡಿ.

ಗೆ:
ಮಾನ್ಯ ನಿರ್ದೇಶಕರು,
ವಿದೇಶಿ ವಿದ್ಯಾರ್ಥಿಗಳ ಪರಿಚಯ ಹಾಗೂ ನೆರವು ವಿಭಾಗ,
ಹಳೇ ಕಟ್ಟಡ (ಅಷ್ಟರಲ್ಲಿ ಹೊಸ ಕಟ್ಟಡಕ್ಕೆ ಹೋಗಿದ್ದರೆ, ಅಲ್ಲಿಗೆ).

ವಿಷಯ: ಅರ್ಜಿದಾರಳು ತಾನೇ ನಡೆಸಿದ ಪರಿಚಯ ಶಿಬಿರಕ್ಕೆ ತಾನು ಬಂದಿರಲಿಲ್ಲ ಎಂಬ ಆರೋಪದ ಕುರಿತು, ಹಾಗೂ ಅದರ ಪರಿಹಾರ ಕೋರಿ.

ಉಲ್ಲೇಖ:
೧) ಅರ್ಜಿದಾರಳು ಶಿಬಿರಕ್ಕೆ ಹಾಜರಾಗಿಲ್ಲವೆಂದು ತಮ್ಮ ಕಚೇರಿ ಕೊಟ್ಟ ನೋಟೀಸು.
೨) ಅದೇ ಶಿಬಿರವನ್ನು ಅರ್ಜಿದಾರಳು ಅನುಮತಿಯಿಲ್ಲದೆ ನಡೆಸಿದಳೆಂದು ಅದೇ ಕಚೇರಿ ಕೊಟ್ಟ ಇನ್ನೊಂದು ನೋಟೀಸು.
೩) ತಮ್ಮ ಕಚೇರಿಯ ಕಿಟಕಿಯ ಮೇಡಂ ಅವರು ಬಾಯಿಮಾತಿನಲ್ಲಿ ನೀಡಿದ ಸಲಹೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಅರ್ಜಿಯಲ್ಲಿ 'ನಾನು, ನನ್ನದು' ಎಂದು ಗೋಳಾಡಿದರೆ ಕಡತ ಮುಂದಕ್ಕೆ ಹೋಗುವುದಿಲ್ಲವೆಂದು ಉಲ್ಲೇಖ ೩ರ ಮೇಡಂ ತಿಳಿಸಿರುತ್ತಾರೆ. ಕಾರಣ, ಇಲ್ಲಿ ಅರ್ಜಿದಾರಳನ್ನು ಯಾರೋ ಮೂರನೆಯವಳೆಂಬಂತೆ 'ಅರ್ಜಿದಾರಳು' ಎಂದೇ ಕರೆಯಲಾಗಿದೆ. ನಡೆದದ್ದನ್ನು ನೋಡಿದರೆ ಅರ್ಜಿದಾರಳಿಗೂ ಹಾಗೆಯೇ ಅನ್ನಿಸುತ್ತದೆ.

೧. ಅರ್ಜಿದಾರಳ ಸೋದರತ್ತೆ ವೃತ್ತಿಯಲ್ಲಿ ಟೈಲರ್. ಯಾವುದೋ ಆಸ್ಪತ್ರೆಗೆ ಪರದೆ ಹೊಲಿದುಕೊಟ್ಟ ಮೇಲೆ ಅವರ ಬಳಿ ಹಸಿರು ಬಟ್ಟೆ ಮಿಕ್ಕಿತ್ತು. ಸೋದರಸೊಸೆ ಓದಲು ಪರದೇಶಕ್ಕೆ ಹೊರಟಳೆಂದು ತಿಳಿದದ್ದೇ ತಡ, ಆ ಬಟ್ಟೆಗೆ ದಪ್ಪ ಲೈನಿಂಗ್ ಕೊಟ್ಟು, ನಾಲ್ಕು ಜೇಬು ಇಟ್ಟು, ಒಂದು ಜಾಕೆಟ್ ಹೊಲಿದೇಬಿಟ್ಟರು. ಬಣ್ಣ ಕಣ್ಣಿಗೆ ಹೊಡೆಯುತ್ತದೆಂದು ಅರ್ಜಿದಾರಳು ರಾಗ ಎಳೆದಾಗ, "ಹೊಡೀಲಿ ಬಿಡೇ. ಜನರ ಮಧ್ಯೆ ನೀನು ಕಳೆದುಹೋದ್ರೆ ಹುಡುಕೋದಾದ್ರೂ ಸುಲಭ" ಎಂದರು. ತಮ್ಮ ವಿಭಾಗದ ಮಾರ್ಗದರ್ಶಕರೂ ಅಂಥದೇ ಹಸಿರು ಜಾಕೆಟ್ ತೊಡುತ್ತಾರೆಂದು ಅತ್ತೆಯವರಿಗೆ ತಿಳಿದಿರಲಿಲ್ಲ. ಹಸಿರು ಬಣ್ಣ ಯಾರಪ್ಪನ ಸ್ವತ್ತೂ ಅಲ್ಲವಾದ್ದರಿಂದ ಈ ಅಂಶದಲ್ಲಿ ಯಾರ ತಪ್ಪೂ ಇರುವುದಿಲ್ಲ.

೨. ಅರ್ಜಿದಾರಳ ವಿಮಾನ ತಡವಾಗಿ, ಹೊಸಬರನ್ನು ಕರೆತರುವ ಕಾಲೇಜಿನ ಬಸ್ಸು ತಪ್ಪಿ, ಅವಳು ಊರಿನ ಬಸ್ಸು ಹತ್ತಿ, ಇಳಿಯಬೇಕಾದಲ್ಲಿ ಇಳಿಯದೆ, ಇಳಿಯಬಾರದ ಕಡೆ ಇಳಿದು, ಕೊನೆಗೂ ಉತ್ತರದ ಗೇಟಿಗೆ ಬಂದು ಮುಟ್ಟಿದಳು. ಪೆಟ್ಟಿಗೆಯನ್ನು ಕಾವಲುಗಾರರ ಗೂಡಿನಲ್ಲಿಟ್ಟು, ಅದೇ ಹಸಿರು ಜಾಕೆಟ್ ತೊಟ್ಟು, ಯಾರನ್ನು ಏನು ಕೇಳುವುದೆಂದು ಬಾಯಲ್ಲೇ ವಾಕ್ಯ ಜೋಡಿಸುತ್ತ ನಿಂತಿದ್ದಾಗ, ಸದರಿ ಕಾಲೇಜಿನ ಬಸ್ಸು ದಾರಿಯಲ್ಲಿ ಟೈರು ಪಂಕ್ಚರ್ ಆದ ದೆಸೆಯಿಂದ ಅವಳಿಗಿಂತ ತಡವಾಗಿ ಬಂದು ಅವಳ ಎದುರಿಗೇ ನಿಂತಿತು. ಚಾಲಕರು ಕಿಟಕಿಯಿಂದ ತಲೆ ಹಾಕಿದರು.

"ಅಬ್ಬ, ಇದ್ದೀರಲ್ಲ! ತಗೊಳ್ಳಿ ನಿಮ್ಮ ಮಂದೀನ."

"ಅಲ್ಲ ಅಣ್ಣಾ, ನಾನು..."

"ಆಮೇಲೆ ಮಾತಾಡೋಣ, ನಂಗಿನ್ನೊಂದು ಟ್ರಿಪ್ಪಿದೆ."

ಹೀಗೆ ಹೇಳಿ, 'ಹೊಸಬರು ನನ್ನ ಹಿಂದೆ ಬನ್ನಿ' ಎಂದು ಬರೆದ ಫಲಕವನ್ನೂ ಹಾಜರಾತಿ ಹಾಳೆಯನ್ನೂ ಅವಳ ಕೈಗೆ ತುರುಕಿ, ಚಾಲಕರು ಬಸ್ಸು ತಿರುಗಿಸಿಕೊಂಡು ಹೊರಟೇಹೋದರು. ಉಳಿದದ್ದು ಅರ್ಜಿದಾರಳು, ಫಲಕ, ಮತ್ತು ಬೇರೆಬೇರೆ ದೇಶಗಳಿಂದ ಬಂದು, ನಿದ್ದೆಗೆಟ್ಟು, ಪೆಟ್ಟಿಗೆ ಹಿಡಿದು ಅವಳನ್ನೇ ನೋಡುತ್ತಿದ್ದ ಹದಿನೈದು ಜನ. ಅವರ ಮುಖದಲ್ಲಿ 'ಸದ್ಯ, ಗೊತ್ತಿರುವವರೊಬ್ಬರು ಸಿಕ್ಕರು' ಎಂಬ ನೆಮ್ಮದಿ ಮೂಡಿದ್ದನ್ನು ಅರ್ಜಿದಾರಳು ಕಂಡಳು. ಆ ನೆಮ್ಮದಿಯನ್ನು ಕಿತ್ತುಕೊಳ್ಳಲು ಅವಳಿಗೆ ಧೈರ್ಯ ಸಾಲಲಿಲ್ಲ. ನಡೆಯಲು ಮಾತ್ರ ಸಾಲಿತು. ಆದ್ದರಿಂದ ನಡೆದಳು.

೩. ಹಾಜರಾತಿಯ ಬಗ್ಗೆ: ಹಾಳೆಯಲ್ಲಿದ್ದ ಹೆಸರುಗಳನ್ನು ಅರ್ಜಿದಾರಳು ಒಂದೊಂದಾಗಿ ಕೂಗಿ ಸಹಿ ಹಾಕಿಸಿಕೊಂಡಳು. ಕೊನೆಯ ಹೆಸರು ಅವಳದೇ ಆಗಿತ್ತು. ಅದನ್ನೂ ಕೂಗಿದಳು. ಯಾರೂ ಓಗೊಡಲಿಲ್ಲ. ಎಲ್ಲರೂ ಅತ್ತಿತ್ತ ನೋಡಿದರು, ಅರ್ಜಿದಾರಳೂ ನೋಡಿದಳು. "ಪಾಪ, ಎಲ್ಲೋ ದಾರಿ ತಪ್ಪಿರಬೇಕು" ಎಂದು ಗುಂಪಿನಲ್ಲೊಬ್ಬರು ಮರುಗಿದರು. "ಇರಬೇಕು" ಎಂದಳು ಅರ್ಜಿದಾರಳು. ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಂತರ ತನ್ನ ಹೆಸರಿನ ಮುಂದೆ ದುಂಡಾಗಿ 'ಗೈರುಹಾಜರಿ' ಎಂದು ಬರೆದು, ಕೆಳಗೆ 'ಮಾರ್ಗದರ್ಶಕರ ಸಹಿ' ಎಂದಿದ್ದ ಕಡೆ ಸಹಿ ಗೀಚಿದಳು. ಉಲ್ಲೇಖ ೧ ಮತ್ತು ೨, ಎರಡೂ ನೋಟೀಸುಗಳಿಗೆ ಆಧಾರ ಇದೊಂದೇ ಹಾಳೆ. ಎರಡಕ್ಕೂ ಸಾಕ್ಷಿ ಒದಗಿಸಿದ ಖ್ಯಾತಿ ಅರ್ಜಿದಾರಳಿಗೇ ಸಲ್ಲತಕ್ಕದ್ದು.

೪. ಅರ್ಜಿದಾರಳಿಗೆ ಆವರಣದಲ್ಲಿ ಒಂದು ಕಲ್ಲಿನ ಪರಿಚಯವೂ ಇರಲಿಲ್ಲ. ಆದರೂ ಹಾಸ್ಟೆಲನ್ನು ಮೂಗಿನಿಂದ ಪತ್ತೆ ಮಾಡಿದಳು. ಒಗೆದ ಬಟ್ಟೆಯ ವಾಸನೆ ಬರುವ ಕಡೆ ಜನ ವಾಸವಿರುತ್ತಾರೆಂಬುದು ಅವಳ ಲೆಕ್ಕಾಚಾರ. ಮಾರನೆಯ ದಿನ ನಿರ್ದೇಶಕರ ಸ್ವಾಗತ ಭಾಷಣವಿದೆಯೆಂದು ಹಾಳೆಯ ಹಿಂದೆ ಬರೆದಿತ್ತು. ಎಲ್ಲಿ ಎಂದು ಬರೆದಿರಲಿಲ್ಲ. ಕುರ್ಚಿ ಹಾಕಿದ್ದ ಒಂದು ಸಭಾಂಗಣ ಕಂಡಿತು, ವೇದಿಕೆಯ ಮೇಲೆ ವಯಸ್ಸಾದವರೊಬ್ಬರು ಕೂತಿದ್ದರು, ಅರ್ಜಿದಾರಳು ಎಲ್ಲರನ್ನೂ ಒಳಗೆ ನುಗ್ಗಿಸಿದಳು.

ಅದು ಭೂವಿಜ್ಞಾನದ ಪ್ರಾಧ್ಯಾಪಕರೊಬ್ಬರ ನಿವೃತ್ತಿಯ ಬೀಳ್ಕೊಡುಗೆಯಾಗಿತ್ತು. ವಿಭಾಗದವರು ಮೊದಲ ಸಾಲನ್ನೂ ತುಂಬಿರಲಿಲ್ಲ. ಬಾಗಿಲಿನಿಂದ ಹದಿನೈದು ಜನ ಸಾಲಾಗಿ ಬಂದು ಶಿಸ್ತಿನಿಂದ ಕೂತದ್ದನ್ನು ಕಂಡು ಪ್ರಾಧ್ಯಾಪಕರು ಎದ್ದು ನಿಂತರು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇಷ್ಟು ದೇಶದ ಮಕ್ಕಳು... ನನಗೋಸ್ಕರ... ಕನಸಲ್ಲೂ ಎಣಿಸಿರಲಿಲ್ಲ."

ಗುಂಪಿನಲ್ಲಿ ಎಲ್ಲರಿಗಿಂತ ಎತ್ತರವಿದ್ದುದರಿಂದ ಉದ್ದಣ್ಣ ಎಂದು ಹೆಸರಾದ ವಿದ್ಯಾರ್ಥಿಯನ್ನು ನಿರೂಪಕರು ವೇದಿಕೆಗೆ ಕರೆದು, ನಾಲ್ಕು ಮಾತಾಡಿ ಎಂದರು. ಹಿಂದಿನ ದಿನವಷ್ಟೇ ಈ ದೇಶಕ್ಕೆ ಕಾಲಿಟ್ಟಿದ್ದ ಉದ್ದಣ್ಣ ಒಮ್ಮೆ ಅರ್ಜಿದಾರಳ ಕಡೆ ನೋಡಿದ. ಅವಳು 'ಮಾತಾಡು' ಎಂಬಂತೆ ತಲೆಯಾಡಿಸಿದಳು. ಅವನು ಗಂಟಲು ಸರಿಮಾಡಿಕೊಂಡು, "ಸಾರ್ ಹೊರಟುಹೋದ್ರೆ ನಮಗ್ಯಾರು ಗತಿ?" ಎಂದ. ಇಡೀ ಸಭೆ ಕಣ್ಣೊರೆಸಿಕೊಂಡಿತು. ಬಳಿಕ ಕೇಕು ಹಂಚಲಾಯಿತು. ಮೊದಲೇ ಚಿತ್ರೀಕರಿಸಿಟ್ಟಿದ್ದ ತಮ್ಮ ಸ್ವಾಗತ ಭಾಷಣ ಅದೇ ಹೊತ್ತಿಗೆ ಪಕ್ಕದ ಕಟ್ಟಡದ ಖಾಲಿ ಕೋಣೆಯಲ್ಲಿ ಪರದೆಯ ಮೇಲೆ ಪೂರ್ತಿ ಓಡಿತೆಂದು ಆಮೇಲೆ ತಿಳಿದುಬಂತು. ಈ ಬಗ್ಗೆ ಅರ್ಜಿದಾರಳು ವಿಷಾದಿಸುತ್ತಾಳೆ, ಆದರೆ ಆ ಪ್ರಾಧ್ಯಾಪಕರ ಮುಖ ನೆನೆದಾಗ ವಿಷಾದ ಸ್ವಲ್ಪ ಕಡಿಮೆಯಾಗುತ್ತದೆಂಬುದನ್ನೂ ಮುಚ್ಚಿಡುವುದಿಲ್ಲ.

೫. ಆರೋಗ್ಯ ಕೇಂದ್ರವೆಂದು ಅರ್ಜಿದಾರಳು ತೋರಿಸಿದ ಕಟ್ಟಡ ಪಶುವೈದ್ಯ ವಿಭಾಗದ ಚಿಕಿತ್ಸಾಲಯವಾಗಿತ್ತೆಂಬುದು ನಿಜ. ಅಲ್ಲಿಗೆ ಗಂಟಲುನೋವೆಂದು ಹೋದ ಉದ್ದಣ್ಣನನ್ನು ವೈದ್ಯರು ವಾಪಸು ಕಳಿಸಲಿಲ್ಲ. "ಕುದುರೆ ಆಗಿದ್ರೆ ನಾಲ್ಕು ಜನ ಹಿಡ್ಕೋಬೇಕಿತ್ತು. ನೀನು ಸುಮ್ನೆ ಬಾಯಿ ತೆಗಿ" ಎಂದು ಬ್ಯಾಟರಿ ಬಿಟ್ಟು ನೋಡಿ, ಉಪ್ಪುನೀರು ಮುಕ್ಕಳಿಸಲು ಹೇಳಿದರು. ವಾಸಿಯಾಗಿದೆ.

೬. ತಮ್ಮ ಅಧಿಕೃತ ಮಾರ್ಗದರ್ಶಕರು ಈ ವೇಳೆ ಎಲ್ಲಿದ್ದರೆಂಬ ಪ್ರಶ್ನೆ ಸಹಜ. ಅವರು ದಕ್ಷಿಣದ ಗೇಟಿನಲ್ಲಿದ್ದರು. ಬಸ್ಸು ಉತ್ತರದ ಗೇಟಿಗೆ ಬರುವುದೆಂದು ಬದಲಾದ ಆದೇಶ, ಕಚೇರಿ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ, ಅವರಿಗೆ ತಲುಪಿರಲಿಲ್ಲ. ಯಾರೂ ಬರಲಿಲ್ಲವೆಂದು ಅವರು ವರದಿ ಮಾಡಿದಾಗ 'ಬರುವವರೆಗೆ ಕಾಯಿರಿ' ಎಂದು ಉತ್ತರ ಬಂತಂತೆ. ಕಾದರು. ಶಿಬಿರ ನಡೆದ ವಾರವಿಡೀ ಗೇಟಿನ ಕಟ್ಟೆಯ ಮೇಲೆ ಕೂತು, ಹಿಂದಿನ ವರ್ಷ ಫೇಲಾಗಿದ್ದ ಗಣಿತವನ್ನು ಓದಿ ಮುಗಿಸಿದರು. ಈಗ ಅರ್ಜಿದಾರಳನ್ನು ಕಂಡಾಗಲೆಲ್ಲ ಕೈಮುಗಿಯುತ್ತಾರೆ. ಅವರ ಮೇಲೆ ಕ್ರಮ ಬೇಡ.

೭. ವಾರದ ನಡುವೆ ಒಂದು ಸಂಜೆ ಸೋದರತ್ತೆಯವರ ಫೋನು ಬಂತು. ಸದರಿ ಸಂಭಾಷಣೆಯನ್ನು ಪ್ರಕರಣಕ್ಕೆ ಪೂರಕವಾದ್ದರಿಂದ ಯಥಾವತ್ತಾಗಿ ಕೊಡಲಾಗಿದೆ.

"ಊಟ ಆಯ್ತಾ? ಅಲ್ಲಿ ನಿನ್ನ ನೋಡ್ಕೊಳ್ಳೋರು ಯಾರಾದ್ರೂ ಇದ್ದಾರೇನೇ?"

"ಇದ್ದಾಳೆ ಅತ್ತೆ, ಒಬ್ಬಳು ಗೈಡು. ಎಲ್ಲಾ ತೋರಿಸ್ತಾಳೆ."

"ಒಳ್ಳೇವಳಾ?"

"ಪರವಾಗಿಲ್ಲ. ಸ್ವಲ್ಪ ಸುಳ್ಳು ಹೇಳ್ತಾಳೆ."

"ಅದಿರ್ಲಿ ಬಿಡು, ಯಾರು ಹೇಳಲ್ಲ? ಅವಳನ್ನ ಬಿಟ್ಟು ಎಲ್ಲೂ ಹೋಗ್ಬೇಡ."

ಬಿಟ್ಟುಹೋಗುವುದಿಲ್ಲವೆಂದು ಅರ್ಜಿದಾರಳು ಮಾತು ಕೊಟ್ಟಳು. ಫೋನಿಟ್ಟ ಮೇಲೆ, ಬಟ್ಟೆ ಒಗೆಯುವ ಕೋಣೆಗೆ ಹೋಗಿ, ಯಂತ್ರ ಗಡಗಡ ಎನ್ನುವಾಗ ಅತ್ತರೆ ಹೊರಗೆ ಕೇಳಿಸುವುದಿಲ್ಲವೆಂಬ ಉಪಯುಕ್ತ ಮಾಹಿತಿಯನ್ನು ಕಂಡುಕೊಂಡಳು. ತಮ್ಮ ಕೈಪಿಡಿಯಲ್ಲಿ ಇದನ್ನು ಸೇರಿಸಬಹುದು.

೮. ಇನ್ನು ಮುಖ್ಯ ಘಟನೆ. ಗುಂಪಿನಲ್ಲಿ ಸದಾ ಕೆಂಪು ಟೋಪಿ ಹಾಕುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿದ್ದಳು. ಮಾತು ಕಡಿಮೆ. ಕ್ಯಾಂಟೀನಿನ ಸಾಲಿನಲ್ಲಿ ಏನು ಕೇಳುವುದೋ ತಿಳಿಯದೆ ಕೋಣೆಯಲ್ಲೇ ಒಣ ಬ್ರೆಡ್ಡು ತಿನ್ನುತ್ತಿದ್ದಳೆಂಬುದು ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಅವಳು ತುಂಬಿದ ಪೆಟ್ಟಿಗೆ ಎಳೆದುಕೊಂಡು ಅರ್ಜಿದಾರಳ ಬಾಗಿಲು ತಟ್ಟಿದಳು. ತಮ್ಮ ನೆರವಿನ ದೂರವಾಣಿಗೆ ಮೊದಲು ಕರೆ ಮಾಡಿದ್ದಳಂತೆ. ರಜಾದಿನ ಕಷ್ಟಪಡಬೇಡಿ ಎಂಬರ್ಥದ ಧ್ವನಿಮುದ್ರಿಕೆ ಕೇಳಿಬಂತಂತೆ.

"ಹಸಿರಕ್ಕಾ, ವಾಪಸ್ ಊರಿಗೆ ಹೋಗೋಕೆ ಯಾರಿಗೆ ಹೇಳ್ಬೇಕು?"

ಅದೇ ಪ್ರಶ್ನೆಯನ್ನು ಅರ್ಜಿದಾರಳೂ ಯಾರನ್ನಾದರೂ ಕೇಳಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದಳು. ಹೋಗಬೇಡ ಎಂದರೆ ಹುಡುಗಿ ಅಳುವುದು ಖಂಡಿತ. ಹೋಗು ಎಂದರೆ ಅರ್ಜಿದಾರಳೂ ಜೊತೆಗೆ ಹೊರಟುಬಿಡುವುದು ಖಂಡಿತ. ಹೀಗಾಗಿ ಬಾಯಿಗೆ ಬಂದದ್ದನ್ನು ಗಂಭೀರವಾಗಿ ಹೇಳಿದಳು.

"ಹೋಗಬಹುದು. ಆದ್ರೆ ಅದಕ್ಕೆ ಮುಂಚೆ ಪೆಟ್ಟಿಗೆ ತಪಾಸಣೆ ಆಗ್ಬೇಕು. ನಿಯಮ."

"ಏನ್ ತಪಾಸಣೆ?"

"ಒಂದೊಂದೇ ಸಾಮಾನು ಹೊರಗೆ ತೆಗೀಬೇಕು. ಏನು, ಯಾರು ಕೊಟ್ಟಿದ್ದು, ಯಾಕೆ ಕೊಟ್ರು, ಹೇಳ್ಬೇಕು."

ಕೆಂಪು ಟೋಪಿ ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದಳು. ಅಪ್ಪ ಕೊಟ್ಟ ಅಲಾರಂ ಗಡಿಯಾರ, ಏಕೆಂದರೆ ಇವಳನ್ನು ದಿನಾ ಎಬ್ಬಿಸುತ್ತಿದ್ದವರು ಅಪ್ಪ. ಅಣ್ಣನ ಹಳೇ ಸ್ವೆಟರು, ಕೊಟ್ಟದ್ದಲ್ಲ, ಕದ್ದದ್ದು. ಅಜ್ಜಿ ಹಾಕಿಕೊಟ್ಟ ಕಾಲುಚೀಲ, ಒಂದು ದೊಡ್ಡದು ಒಂದು ಚಿಕ್ಕದು, ಏಕೆಂದರೆ ಅಜ್ಜಿಗೆ ಈಗ ಒಂದೇ ಕಣ್ಣು ಕಾಣುತ್ತದೆ. ಕಾಲುಚೀಲದ ಬಳಿ ಬಂದಾಗ ಅವಳು ಅತ್ತಳು. ಸ್ವೆಟರು ಕದ್ದ ಕತೆಯನ್ನು ಇನ್ನೊಮ್ಮೆ ಹೇಳೆಂದು ಅರ್ಜಿದಾರಳು ಕೇಳಿದಾಗ ಅವಳು ನಕ್ಕಳು. ಪೆಟ್ಟಿಗೆ ಖಾಲಿಯಾಗುವಷ್ಟರಲ್ಲಿ ಹಾಸಿಗೆ, ಕುರ್ಚಿ, ಕಿಟಕಿಯ ಕಟ್ಟೆ ಎಲ್ಲ ಅವಳ ಮನೆಯವರಿಂದ ತುಂಬಿಹೋಗಿತ್ತು.

"ಈಗ ಮತ್ತೆ ತುಂಬಲಾ?"

"ಭಾನುವಾರ ತುಂಬೋ ಹಾಗಿಲ್ಲ. ನಿಯಮ."

ಆಗ ಕೆಂಪು ಟೋಪಿ ಕೋಣೆಯ ಮೂಲೆ ನೋಡಿದಳು. "ಅಕ್ಕಾ, ನಿಮ್ ಪೆಟ್ಟಿಗೆ ಯಾಕೆ ಇನ್ನೂ ಬೀಗ ಹಾಕ್ಕೊಂಡೇ ಕೂತಿದೆ?"

ಅರ್ಜಿದಾರಳ ಬಾಯಿಗೆ ಈ ಸಲ ಯಾವ ನಿಯಮವೂ ಬರಲಿಲ್ಲ. "ನಾನೂ ನಿಮ್ ಜೊತೇಲೇ ಬಂದೋಳು ಕಣೇ. ನಂಗೂ ಇಲ್ಲಿ ಏನೂ ಗೊತ್ತಿಲ್ಲ" ಎಂದಳು.

"ಗೊತ್ತು."

"ಏನು ಗೊತ್ತು?"

"ಮೊದಲನೇ ದಿನಾನೇ ಗೊತ್ತಾಯ್ತು. ಪ್ರತಿ ಬಾಗಿಲ ಮುಂದೇನೂ ನಿಂತು ತಳ್ಳೋದಾ ಎಳೆಯೋದಾ ಅಂತ ಓದ್ತಿದ್ರಿ. ಉದ್ದಣ್ಣಂಗೂ ಗೊತ್ತು. ಎಲ್ಲರಿಗೂ ಗೊತ್ತು."

"ಮತ್ಯಾಕೆ ನನ್ ಹಿಂದೆ ಬಂದ್ರಿ?"

"ಮತ್ತಿನ್ಯಾರ ಹಿಂದೆ ಹೋಗೋದು? ನೀವೊಬ್ರೇ ಎಲ್ಲಿಗೋ ಹೋಗ್ತಾ ಇದ್ರಿ."

ಅಂದು ಸಂಜೆ ಎರಡನೇ ಪೆಟ್ಟಿಗೆಯ ತಪಾಸಣೆ ಕೆಂಪು ಟೋಪಿಯ ಅಧ್ಯಕ್ಷತೆಯಲ್ಲಿ ನಡೆಯಿತು. ಆಮೇಲೆ ಇಬ್ಬರೂ ಕ್ಯಾಂಟೀನಿಗೆ ಹೋಗಿ, ಮುಂದಿದ್ದವರ ತಟ್ಟೆಯತ್ತ ಬೊಟ್ಟು ಮಾಡಿ 'ಅದೇ' ಎಂದು ಹೇಳಿ, ಹೊಟ್ಟೆ ತುಂಬ ಉಂಡರು. ಕೆಂಪು ಟೋಪಿ ಊರಿಗೆ ಹೋಗಿರುವುದಿಲ್ಲ.

೯. ಇಷ್ಟಾದ ಮೇಲೆ ಅರ್ಜಿದಾರಳು ನೋಂದಣಿಗೆಂದು ತಮ್ಮ ಕಚೇರಿಯ ಕಿಟಕಿಗೆ ಹೋದಳು. ಕಿಟಕಿಯ ಮೇಡಂ ಕಂಪ್ಯೂಟರು ನೋಡಿ, ಕನ್ನಡಕ ಏರಿಸಿದರು.

"ಶಿಬಿರಕ್ಕೆ ನೀವು ಬಂದಿಲ್ಲ."

"ಶಿಬಿರ ನಡೆಸಿದ್ದೇ ನಾನು ಮೇಡಂ."

"ನಡೆಸಿದ್ದೀರ, ಸರಿ. ಬಂದಿದ್ರಾ?"

"ಬರದೆ ಹೇಗೆ ನಡೆಸ್ಲಿ?"

"ಅದನ್ನ ನೀವೇ ಹೇಳ್ಬೇಕು. ಇಲ್ಲಿ ಗೈರುಹಾಜರಿ ಅಂತ ಬರೆದಿರೋ ಕೈ ಯಾರದು?"

"ನಂದೇ."

"ಮತ್ತೆ? ಇಷ್ಟು ಮುದ್ದಾಗಿ ನೀವೇ ಬರೆದಿರೋವಾಗ ನಾನು ಸುಳ್ಳು ಅನ್ನಲಾ?"

ಶಿಬಿರದ ಪ್ರಮಾಣಪತ್ರವಿಲ್ಲದೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ಹಾಸ್ಟೆಲಿಲ್ಲ, ಹಾಸ್ಟೆಲಿನ ವಿಳಾಸವಿಲ್ಲದೆ ವಾಸದ ಪರವಾನಗಿಯಿಲ್ಲ, ಪರವಾನಗಿಯಿಲ್ಲದವರು ದೇಶ ಬಿಡತಕ್ಕದ್ದು. ಮೊದಲ ದಿನ ಯಾರಾದರೂ ಹೀಗೆ ಹೇಳಿದ್ದರೆ ಅರ್ಜಿದಾರಳು ಅವರ ಕೈ ಕುಲುಕಿ ವಿಮಾನ ಹತ್ತುತ್ತಿದ್ದಳು. ಈಗ ಅವಳ ಪೆಟ್ಟಿಗೆ ಖಾಲಿಯಾಗಿದೆ, ಸಾಮಾನೆಲ್ಲ ಕಪಾಟು ಸೇರಿದೆ, ಕ್ಯಾಂಟೀನಿನವರು ಅವಳನ್ನು ಕಂಡೊಡನೆ 'ಅದೇನಾ?' ಎಂದು ಕೇಳುತ್ತಾರೆ. ಈಗ ಹೋಗೆಂದರೆ ಹೇಗೆ ಹೋಗುವುದು ಎಂದು ಕಿಟಕಿಯ ಮುಂದೆ ನಿಂತೇ ಅವಳ ಕಣ್ಣು ತುಂಬಿತು. ಮೇಡಂ ಆಚೀಚೆ ನೋಡಿ, ಗಾಜಿನ ಸಂದಿಯಿಂದ ಒಂದು ಟಿಶ್ಯೂ ಕಾಗದವನ್ನು ಹೊರಗೆ ತಳ್ಳಿ, "ಅರ್ಜಿ ಬರೀರಿ. ಅಳು ಬರೀಬೇಡಿ, ಅಂಶ ಬರೀರಿ" ಎಂದು ಮೆಲ್ಲಗೆ ಹೇಳಿದರು.

೧೦. ಅರ್ಜಿ ಬರೆಯಲು ಕೂತಿರುವಾಗಲೇ ತಮ್ಮ ಕಚೇರಿಯಿಂದ ಮತ್ತೆರಡು ಆದೇಶಗಳು ಬಂದವು. ಮೊದಲನೆಯದು: ಗೈರುಹಾಜರಾದವರಿಗಾಗಿ ಶನಿವಾರ ಮರುಶಿಬಿರ ಇಡಲಾಗಿದೆ, ಅರ್ಜಿದಾರಳು ವಿದ್ಯಾರ್ಥಿನಿಯಾಗಿ ತಪ್ಪದೆ ಹಾಜರಾಗತಕ್ಕದ್ದು. ಈ ವರ್ಷ ಗೈರುಹಾಜರಾದವಳು ಅವಳೊಬ್ಬಳೇ. ಎರಡನೆಯದು: ಹಸಿರು ಜಾಕೆಟ್ಟಿನ ಮಾರ್ಗದರ್ಶಕಿಯ ಬಗ್ಗೆ ಹದಿನೈದು ಜನರೂ ಬರೆದುಕೊಟ್ಟ ಮೆಚ್ಚುಗೆಯನ್ನೂ, ನಿವೃತ್ತ ಪ್ರಾಧ್ಯಾಪಕರೊಬ್ಬರ ಶಿಫಾರಸನ್ನೂ ಗಮನಿಸಿ, ಉಲ್ಲೇಖ ೨ರ ನೋಟೀಸನ್ನು ಕೈಬಿಟ್ಟು, ಅವಳನ್ನು ಮಾರ್ಗದರ್ಶಕಿಯಾಗಿ ನೇಮಿಸಲಾಗಿದೆ, ಶನಿವಾರದ ಮರುಶಿಬಿರದಿಂದಲೇ ಕೆಲಸಕ್ಕೆ ಸೇರತಕ್ಕದ್ದು.

ಎರಡರ ಕೆಳಗೂ ತಮ್ಮದೇ ಸಹಿ ಇದೆ. ಅರ್ಜಿದಾರಳು ಎರಡನ್ನೂ ಕಿಟಕಿಗೆ ಒಯ್ದು, "ಮೇಡಂ, ಇಬ್ಬರೂ ನಾನೇ ಅಲ್ವಾ?" ಎಂದು ಕೇಳಿದ್ದಕ್ಕೆ, "ಇರಬಹುದು. ಆದ್ರೆ ಸಹಿ ಎರಡು ಬೇಕು, ಒಂದೇ ತರ ಇರಬಾರದು" ಎಂದು ಉತ್ತರ ದೊರೆತಿದೆ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ತಾವು ದಯಮಾಡಿ:

ಅ) ಶನಿವಾರ ಅರ್ಜಿದಾರಳು ಅರ್ಜಿದಾರಳನ್ನು ಆವರಣವಿಡೀ ಸುತ್ತಾಡಿಸಲು ಅನುಮತಿ ನೀಡಬೇಕು;

ಆ) ವಿದ್ಯಾರ್ಥಿನಿ ತಡಮಾಡಿದರೆ ಮಾರ್ಗದರ್ಶಕಿ ಕಾಯಬೇಕೆಂದೂ, ಮಾರ್ಗದರ್ಶಕಿ ತಡಮಾಡಿದರೆ ವಿದ್ಯಾರ್ಥಿನಿ ದೂರು ಕೊಡಬಾರದೆಂದೂ ಇಬ್ಬರಿಗೂ ತಿಳಿಹೇಳಬೇಕು;

ಇ) ಹೆಸರು ಕೂಗಿದಾಗ ಈ ಸಲ 'ಇದ್ದೇನೆ' ಎಂದು ಗಟ್ಟಿಯಾಗಿ ಹೇಳಲು ಅವಕಾಶ ಕೊಟ್ಟು, ಅದನ್ನು ಹಾಜರಾತಿಯೆಂದು ಪರಿಗಣಿಸಬೇಕು.

ಎಂದು ವಿನಂತಿ.

ಹಾಜರಾತಿ ಹಾಳೆಯ ಎರಡೂ ಅಂಕಣಗಳಲ್ಲಿ ತಮ್ಮ ವಿಶ್ವಾಸಿ,

(ಸಹಿ) ವಿದ್ಯಾರ್ಥಿನಿ
(ಸಹಿ, ಸ್ವಲ್ಪ ಓರೆಯಾಗಿ) ಮಾರ್ಗದರ್ಶಕಿ

ಲಗತ್ತುಗಳು:
೧) ಎರಡು ನೋಟೀಸುಗಳು, ಎರಡು ಆದೇಶಗಳು, ಒಂದನ್ನೊಂದು ಮುಟ್ಟದಂತೆ ಬೇರೆಬೇರೆ ಪಿನ್ನು ಹಾಕಲಾಗಿದೆ.
೨) ಉದ್ದಣ್ಣನ ಗಂಟಲು ಆರೋಗ್ಯವಾಗಿದೆಯೆಂದು ಪಶುವೈದ್ಯರ ಪ್ರಮಾಣಪತ್ರ. 'ತಳಿ' ಎಂಬಲ್ಲಿ 'ಉದ್ದ' ಎಂದು ನಮೂದಿಸಿದ್ದಾರೆ.
೩) ಟಿಶ್ಯೂ ಕಾಗದ ಲಗತ್ತಿಸಿಲ್ಲ, ಬಳಸಿ ಆಗಿದೆ.

ವಿಶೇಷ ಸೂಚನೆ: ಶನಿವಾರದ ಮರುಶಿಬಿರಕ್ಕೆ 'ನಾವೂ ಬರುತ್ತೇವೆ' ಎಂದು ಆ ಹದಿನೈದು ಜನ ಹಟ ಹಿಡಿದಿದ್ದಾರೆ. ಒಮ್ಮೆ ಪರಿಚಯವಾದವರಿಗೆ ಮತ್ತೊಮ್ಮೆ ಪರಿಚಯ ಮಾಡಿಸಲು ನಿಯಮದಲ್ಲಿ ಜಾಗವಿಲ್ಲವೆಂದು ಕಿಟಕಿಯ ಮೇಡಂ ಹೇಳಿರುವ ಕಾರಣ, ಅವರನ್ನು ದಾರಿಯಲ್ಲಿ ಆಕಸ್ಮಿಕವಾಗಿ ಸಿಕ್ಕವರೆಂದು ಪರಿಗಣಿಸಲು ಕೋರಿದೆ. ಹಾಗೆ ಆಕಸ್ಮಿಕವಾಗಿ ಸಿಗಲು ಅವರೆಲ್ಲರೂ ಬೆಳಿಗ್ಗೆ ತಿಂಡಿ ಮುಗಿಸಿ ಗ್ರಂಥಾಲಯದ ಮೆಟ್ಟಿಲ ಮೇಲೆ ಸಾಲಾಗಿ ಕೂತಿರುವುದೆಂದು ಈಗಾಗಲೇ ತೀರ್ಮಾನವಾಗಿದೆ.